ವಾರಕ್ಕೊಂದು

ಕಳೆದ ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ, ಹತ್ತು ಗಂಟೆಗೆ ಸ್ವಲ್ಪ ಮುಂಚೆ, ನಾನು ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಹೊಸ್ತಿಲ ಮೇಲೆ ಅಲ್ಲ, ಅದರ ಈಚೆಗೆ. ಎಡಗೈ ಬಾಗಿಲ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಕುಡಿದು ಮುಗಿಸಿದ ಚಹದ ಲೋಟವಿತ್ತು. ಅದನ್ನು ತೊಳೆಯಲು ಹಾಕುವುದೋ, ಇನ್ನೊಂದು ಅರ್ಧ ಲೋಟ ಕೇಳುವುದೋ ಎಂಬ ಜಿಜ್ಞಾಸೆಯಲ್ಲಿ ನಾನಿದ್ದೆ. ಅದಕ್ಕಿಂತ ಘನವಾದ ವಿಚಾರ ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ನಿಂತ ಜಾಗವನ್ನು ಇಷ್ಟು ಕೂಲಂಕಷವಾಗಿ ಹೇಳುವುದಕ್ಕೆ ಓದುಗರು ಬೇಸರಿಸಬಾರದು. ಇದು ನನ್ನ ವೃತ್ತಿಯ ದೋಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಬೇರೆಯವರು ಮಾಡಿದ ಬಿಡಿಭಾಗಗಳ ಅಳತೆ ಸರಿಯಿದೆಯೇ ಇಲ್ಲವೇ ಎಂದು ನೋಡುವುದು ನನ್ನ ಕೆಲಸ. ಅಳೆಯುವ ಮುಳ್ಳನ್ನು ಎದುರಿಗೆ ನಿಂತು ನೋಡಿದರೆ ಒಂದು ಅಂಕಿ ಕಾಣುತ್ತದೆ, ಓರೆಯಾಗಿ ನಿಂತು ನೋಡಿದರೆ ಇನ್ನೊಂದು. ಆದ್ದರಿಂದ ಏನು ಕಂಡಿತು ಎಂಬುದಕ್ಕಿಂತ ಮೊದಲು ಎಲ್ಲಿ ನಿಂತಿದ್ದೆ ಎಂದು ಹೇಳುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಈ ರೂಢಿಗೆ ಕವಡೆ ಕಿಮ್ಮತ್ತಿಲ್ಲ. ಅಲ್ಲಿ ಎಲ್ಲಿ ನಿಂತರೂ ನಾನು ಅಡ್ಡವಾಗಿಯೇ ನಿಂತಿರುತ್ತೇನೆ.

ಅಡ್ಡ ಎಂದ ಮೇಲೆ ಆ ಪದದ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಔಷಧಿಯಿಂದ ಆಗಬಾರದ್ದು ಆದರೆ ಅದನ್ನು ಅಡ್ಡಪರಿಣಾಮ ಎನ್ನುತ್ತೇವೆ. ಅಡ್ಡದಾರಿ, ಅಡ್ಡಗೋಡೆ, ಅಡ್ಡಮಾತು ಇವೆಲ್ಲ ಒಂದೇ ಬಳಗದವು. ಯಾವುದೂ ಮನುಷ್ಯನನ್ನು ನೆಟ್ಟಗೆ ಹೋಗಗೊಡುವುದಿಲ್ಲ. ಆದರೆ ಪರಿಣಾಮ ಎಂಬ ಪದಕ್ಕೆ ನಮ್ಮ ಹಿರಿಯರ ಬಾಯಲ್ಲಿ ತೃಪ್ತಿ, ನೆಮ್ಮದಿ ಎಂಬ ಅರ್ಥವೂ ಇತ್ತು. ಹಾಗೆ ನೋಡಿದರೆ ಅಡ್ಡಪರಿಣಾಮವೆಂದರೆ ಅಡ್ಡದಾರಿಯಲ್ಲಿ ಬಂದು ಸೇರುವ ನೆಮ್ಮದಿ ಎಂದೂ ಆಗುತ್ತದೆ. ನಮ್ಮ ಮನೆಗೆ ಅದು ಎರಡೂ ವೇಷದಲ್ಲಿ ಬಂದಿತು.

ನನ್ನ ಹೆಂಡತಿ ನೀಲಾ. ಹಾವೇರಿ ಕಡೆಯವಳು, ನಾನೂ ಅಲ್ಲಿಯವನೇ. ನಮ್ಮ ಓಣಿಯ ಬಾಡಿಗೆ ಕೋಣೆಗಳಲ್ಲಿ ಕೊಪ್ಪಳ, ಯಾದಗಿರಿ ಕಡೆಯ ಹುಡುಗರು ಬಹಳ ಇದ್ದಾರೆ. ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರು. ಅವರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುವುದು ನೀಲಾಳ ಕೆಲಸ. ಅಕ್ಕಾರ ರೊಟ್ಟಿ ಎಂದರೆ ಇಲ್ಲಿ ಹೆಸರುವಾಸಿ. ಒಲೆಯ ಮುಂದೆ ಕೂತು ಕೂತು, ಮುರಿದ ರೊಟ್ಟಿ ವ್ಯರ್ಥವಾಗಬಾರದೆಂದು ತಿಂದು ತಿಂದು, ಅವಳು ಬೆಳೆದಳು. ಬೆಳೆದಳು ಎಂಬ ಪದವನ್ನು ಅವಳೇ ಆರಿಸಿದ್ದು, ನಾನು ಲೇಖಕನಾಗಿ ಅದನ್ನು ಗೌರವಿಸುತ್ತಿದ್ದೇನೆ. ಮೊಣಕಾಲು ಸವೆದು, ಸಕ್ಕರೆ ಏರಿ, ಮೂರು ಮೆಟ್ಟಿಲಿಗೆ ಏದುಸಿರು ಬಂದು, ಕಡೆಗೆ ಡಾಕ್ಟರು ಅವಳ ಹೊಟ್ಟೆಯ ಚೀಲದ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಹೇಳಿದರು. ಉಳಿಯುವುದು ಬಾಳೆಕಾಯಿಯಷ್ಟು ಮಾತ್ರ ಎಂದರು. "ಬಾಳಿಕಾಯಿ ಸಾಕ್ರೀ, ಬಾಳೇ ಉಳಿದ್ರ" ಎಂದು ನೀಲಾ ಮಂಚದ ಮೇಲೆಯೇ ಶ್ಲೇಷೆ ಮಾಡಿದಳು. ನಮ್ಮ ಮನೆಯಲ್ಲಿ ಸಾಹಿತ್ಯ ಯಾರಿಂದ ಯಾರಿಗೆ ಹರಿಯುತ್ತದೆ ಎಂಬುದಕ್ಕೆ ಇದು ಪುರಾವೆ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಬಾಳೆಕಾಯಿಯಷ್ಟು ಹೊಟ್ಟೆಯಲ್ಲಿ ಒಂದು ದೇಹಕ್ಕೆ ಬೇಕಾದ ಸತ್ವವೆಲ್ಲ ಹಿಡಿಯುವುದಿಲ್ಲ. ಆದ್ದರಿಂದ ಕಬ್ಬಿಣ, ಸುಣ್ಣ, ಬಿ ಎಂಬ ಅಕ್ಷರದ ದೊಡ್ಡ ಕುಟುಂಬ, ಪ್ರೋಟೀನಿನ ಪುಡಿ ಎಲ್ಲವನ್ನೂ ಹೊರಗಿನಿಂದ ಪೂರೈಸಬೇಕು. ಇವುಗಳನ್ನು ಸಪ್ಲಿಮೆಂಟ್ ಎನ್ನುತ್ತಾರೆ. ನನಗೆ ಆ ಪದ ಕೇಳಿದರೆ ಈಗಲೂ ಪಿಯುಸಿಯ ಗಣಿತಕ್ಕೆ ಕಟ್ಟಿದ ಸಪ್ಲಿಮೆಂಟರಿ ಪರೀಕ್ಷೆಯೇ ನೆನಪಾಗುತ್ತದೆ.

ಮೊದಮೊದಲ ಅಡ್ಡಪರಿಣಾಮಗಳು ವಿನೋದದವೇ. ಕಬ್ಬಿಣದ ಗುಳಿಗೆ ನುಂಗಿದ ಮರುದಿನ ನೀಲಾ ಬಚ್ಚಲಿನಿಂದ ಹೆದರಿ ಓಡಿಬಂದಳು. ಕಂಡದ್ದು ಕಾಡಿಗೆಯಂತೆ ಕಪ್ಪಾಗಿತ್ತಂತೆ. ಬಿ ಕುಟುಂಬದ ಗುಳಿಗೆ ಇನ್ನೊಂದನ್ನು ಅರಿಸಿನ ಮಾಡಿತು. "ಒಂದ ಕಡೆ ಕಾಡಿಗಿ, ಒಂದ ಕಡೆ ಅರಿಷಿಣ, ಮುತ್ತೈದೆಯಾಗಿ ಉಳಿದೀನಿ ತಗೋರಿ" ಎಂದಳು. ವೆನಿಲಾ ವಾಸನೆಯ ಪ್ರೋಟೀನ್ ಪುಡಿಯನ್ನು ಹಾಲಲ್ಲಿ ಕುಡಿಯಲಾರದೆ ಅವಳು ಒಂದು ದಿನ ಅದನ್ನು ಜೋಳದ ಹಿಟ್ಟಿಗೆ ಬೆರೆಸಿದಳು. ಬೆರೆಸಿದ ಹಿಟ್ಟು ಹುಡುಗರ ರೊಟ್ಟಿಗೂ ಹೋಯಿತು. ಯಾದಗಿರಿಯ ಈರಣ್ಣ ಎಂಬವನು ತುತ್ತು ಬಾಯಲ್ಲಿಟ್ಟುಕೊಂಡೇ ನಮ್ಮ ಮಹಡಿ ಹತ್ತಿ ಬಂದ.

"ಅಕ್ಕಾರ, ಇದು ರೊಟ್ಟಿನೋ, ಕೇಕೋ?"

"ಯಾಕಪಾ, ಹುಟ್ಟಿದ ಹಬ್ಬ ಐತಿ ಅಂತ ತಿಳ್ಕೊಂಡು ತಿನ್ನು."

"ಹುಟ್ಟಿದ ಹಬ್ಬಕ್ಕ ಖಾರಬ್ಯಾಳಿ ಹಚ್ಕೊಂಡು ತಿನ್ನೂದೇನ್ರೀ?"

ಎಲ್ಲಕ್ಕಿಂತ ದೊಡ್ಡ ಅಡ್ಡಪರಿಣಾಮ ಆದದ್ದು ನನ್ನ ಮೇಲೆ. ತಟ್ಟೆಯಲ್ಲಿ ಬಡಿಸಿದ್ದು ಪ್ರಸಾದ, ಅದನ್ನು ಬಿಡಬಾರದು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು ಎಂಬ ನೇಮದಲ್ಲಿ ಬೆಳೆದವರು ನಾವು. ನೀಲಾ ಈಗ ಮೂರು ಚಮಚಕ್ಕೆ ಕೈ ತೊಳೆಯುತ್ತಾಳೆ, ಆದರೆ ಬಡಿಸಿಕೊಳ್ಳುವ ಕೈಗೆ ಆಪರೇಷನ್ ಆಗಿರಲಿಲ್ಲ. ಉಳಿದ ಪ್ರಸಾದ ನನ್ನ ತಟ್ಟೆಗೆ ಬರುತ್ತಿತ್ತು. ಅವಳ ಸೀರೆಯ ಕುಪ್ಪಸಗಳು ಸಡಿಲವಾದ ಹಾಗೆಲ್ಲ ನನ್ನ ಅಂಗಿಯ ಗುಂಡಿಗಳು ಸಿಡಿಯತೊಡಗಿದವು. ಮನೆಯ ಒಟ್ಟು ತೂಕ ಬದಲಾಗಲಿಲ್ಲ, ಅದರ ವಿಳಾಸ ಮಾತ್ರ ಬದಲಾಯಿತು.

ಗುಳಿಗೆಗಳನ್ನಿಡಲು ನೀಲಾ ಒಗ್ಗರಣೆ ಡಬ್ಬಿಯನ್ನು ತೆಗೆದಳು. ಸಾಸಿವೆ, ಜೀರಿಗೆ, ಮೆಂತ್ಯ ಇಡುವ ದುಂಡನೆಯ ಸ್ಟೀಲ್ ಡಬ್ಬಿ. ಒಳಗೆ ಸುತ್ತ ಆರು ಬಟ್ಟಲು, ನಡುವೆ ಒಂದು. ಅಡುಗೆಗೆ ಹೊಸ ಡಬ್ಬಿ ತಂದು, ಹಳೆಯದರ ಬಟ್ಟಲುಗಳಿಗೆ ಏಳು ವಾರಗಳನ್ನು ಹಂಚಿದಳು. ನಡುವಿನದು ಸೋಮವಾರ, ಶಿವನದು. ಅದರಿಂದ ಬಲಕ್ಕೆ ಮಂಗಳವಾರ, ಹಾಗೇ ಸುತ್ತು. ಭಾನುವಾರ ಕೂತು ಎಲ್ಲ ಬಟ್ಟಲಿಗೂ ಗುಳಿಗೆ ತುಂಬುವಳು. ಡಬ್ಬಿಗೆ ಸಾಸಿವೆಯ ವಾಸನೆ ಹೋಗಿರಲಿಲ್ಲವಾದ್ದರಿಂದ ಅವಳ ಎಲ್ಲ ಜೀವಸತ್ವಗಳಿಗೂ ಒಗ್ಗರಣೆ ಬಿದ್ದಿತ್ತು. ಆ ಡಬ್ಬಿಗೆ ನಾನು ಕೈ ಹಾಕುವಂತಿರಲಿಲ್ಲ. ಅಡುಗೆಮನೆಯ ಅಳತೆಗಳಲ್ಲಿ ನನಗೆ ಅಧಿಕಾರವಿಲ್ಲವೆಂಬುದು ಮದುವೆಯಾದ ವರ್ಷವೇ ತೀರ್ಮಾನವಾದ ಸಂಗತಿ.

ಯುಗಾದಿಯ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಡಿ ಜೀವಸತ್ವ ಕಡಿಮೆ ಎಂದು ಬಂದಿತು. ಡಾಕ್ಟರು ಒಂದು ಕೆಂಪು ಗುಳಿಗೆಯನ್ನು ಸೇರಿಸಿದರು. ಅವರು ಮೈಸೂರು ಕಡೆಯ ಹೆಣ್ಣುಮಗಳು, ತುಂಬ ಮೃದುವಾದ ಮಾತು. ನೀಲಾಗೆ ಇಂಗ್ಲಿಷ್ ಬಾರದೆಂದು ಅಚ್ಚ ಕನ್ನಡದಲ್ಲಿ ಬಿಡಿಸಿ ಹೇಳಿದರು: "ಇದು ಮಾತ್ರ ವಾರಕ್ಕೊಂದು, ನೀಲಮ್ಮ. ಮರೀಬಾರ್ದು." ಮುಂದಿನ ಭೇಟಿಯಲ್ಲಿ ನೆನಪಿಟ್ಟುಕೊಂಡು ಕೇಳಿದರು ಕೂಡ.

"ಕೆಂಪು ಗುಳಿಗೆ ವಾರಕ್ಕೊಂದು ತಗೋತಿದೀರಲ್ವಾ?"

"ತಪ್ಪದ ತಗೊಳ್ತೀನ್ರೀ. ಒಂದ ವಾರಾನೂ ತಪ್ಪಿಸಿಲ್ಲ."

"ವೆರಿ ಗುಡ್. ನಿಮ್ಮಂಥ ಪೇಷೆಂಟ್ ಸಿಗೋದಿಲ್ಲಮ್ಮ."

ನೀಲಾ ನನ್ನತ್ತ ತಿರುಗಿ ನೋಡಿದಳು. ಆ ನೋಟದ ಅರ್ಥ, ಕೇಳಿಸಿಕೊಂಡಿರಿ ತಾನೇ, ಎಂದು.

ಜ್ಯೇಷ್ಠದಲ್ಲಿ ಮೊದಲ ಬದಲಾವಣೆ ಕಂಡಿತು. ಬಾಯಾರಿಕೆ. ಒಲೆಯ ಪಕ್ಕ ತಂಬಿಗೆ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು, ತಂಬಿಗೆ ಖಾಲಿಯಾಗುತ್ತಿತ್ತು, ಬಚ್ಚಲಿಗೆ ಏಳುತ್ತಿದ್ದಳು, ಬಂದು ಮತ್ತೆ ತಂಬಿಗೆ ತುಂಬಿಕೊಳ್ಳುತ್ತಿದ್ದಳು. ಬೆಂಗಳೂರಿನ ಬಿಸಿಲು ಜಾಸ್ತಿಯಾಗಿದೆ ಎಂದೆವು. ಆಮೇಲೆ ಮಲಬದ್ಧತೆ, ಕಬ್ಬಿಣದ ಗುಳಿಗೆ ಮಾಡುವುದೇ ಅದು ಎಂದೆವು. ಆಮೇಲೆ ಮೂರು ಚಮಚದ ಊಟ ಒಂದಕ್ಕೆ ಇಳಿಯಿತು, ಅದನ್ನು ಕಂಡರೂ ಓಕರಿಕೆ. ಆಪರೇಷನ್ ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟೆವು. ನೋಡಿದವರೆಲ್ಲ ಹೊಗಳಿದರು. "ಏನ್ರೀ ನೀಲಕ್ಕ, ಹೀರೋಯಿನ್ ಆಗ್ಬಿಟ್ರಿ" ಎಂದು ಅಂಗಡಿಯವಳು ಕೂಗಿ ಹೇಳಿದಳು. ಮನುಷ್ಯ ಕರಗುತ್ತ ಹೋಗುವುದನ್ನು ಊರೆಲ್ಲ ಸೇರಿ ಅಭಿನಂದಿಸುವ ವಿಚಿತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನನ್ನು ಮೊದಲು ತಟ್ಟಿದ್ದು ಶಬ್ದ. ನಾನು ಎರಡನೇ ಪಾಳಿಯವನು, ಬೆಳಗಿನ ಹೊತ್ತೆಲ್ಲ ಮನೆಯಲ್ಲಿರುತ್ತೇನೆ. ರೊಟ್ಟಿ ಬಡಿಯುವ ಸದ್ದಿಗೆ ಒಂದು ಲಯವಿರುತ್ತದೆ: ಹಿಟ್ಟನ್ನು ತಿರುಗಿಸುತ್ತ ಅಂಗೈ ಬೀಳುವ ತಟ್ ತಟ್ ತಟ್, ಆಮೇಲೆ ಎತ್ತಿ ಹೆಂಚಿಗೆ ಹಾಕುವಾಗಿನ ಮೌನ. ಆ ಮೌನ ಉದ್ದವಾಗತೊಡಗಿತು. ಒಮ್ಮೊಮ್ಮೆ ಹಿಟ್ಟಿನ ಮೇಲೆ ಕೈ ಇಟ್ಟುಕೊಂಡೇ ಸುಮ್ಮನೆ ಕೂತಿರುತ್ತಿದ್ದಳು. ರೊಟ್ಟಿ ದಪ್ಪವಾದವು. ಈರಣ್ಣ ಅದನ್ನೂ ಹೇಳಿದ.

"ಅಕ್ಕಾರ, ರೊಟ್ಟಿ ದಪ್ಪ ಆಗ್ಯಾವಲ್ರೀ."

"ನಾ ತೆಳ್ಳಗಾಗೀನಲ್ಲ, ನನ್ನ ದಪ್ಪ ಎಲ್ಲಿಗರ ಹೋಗಬೇಕಲ್ಲೋ" ಎಂದಳು ನೀಲಾ. ಅವನು ನಕ್ಕ. ನಾನೂ ನಕ್ಕೆ. ಅದು ಅವಳು ಆ ತಿಂಗಳು ಆಡಿದ ಕೊನೆಯ ವಿನೋದದ ಮಾತು.

ಆಷಾಢದಲ್ಲಿ ಅವಳ ಮಾತೇ ನಿಲ್ಲುತ್ತ ಬಂದಿತು. ನೀಲಾ ನನ್ನನ್ನು ಬಯ್ಯುವವಳು. ಪ್ರೀತಿಯಿಂದ, ವಿಸ್ತಾರವಾಗಿ, ಉಪಮೆಗಳ ಸಹಿತ. ಒದ್ದೆ ಟವೆಲನ್ನು ಮಂಚದ ಮೇಲೆ ಹಾಕಿದ್ದಕ್ಕೆ ಅವಳು ಒಮ್ಮೆ ನನ್ನನ್ನು ಕೆರೆಯಿಂದ ಎದ್ದು ಬಂದ ಎಮ್ಮೆಗೆ ಹೋಲಿಸಿ, ಎಮ್ಮೆಗಾದರೂ ಹಾಲಿದೆ ಎಂದು ಮುಗಿಸಿದ್ದಳು. ಈಗ ಟವೆಲು ಮಂಚದ ಮೇಲೆ ಬಿದ್ದಿರುತ್ತಿತ್ತು, ಅವಳು ಅದರ ಪಕ್ಕದಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಬೇಕೆಂತಲೇ ಹಾಕಿ ನೋಡಿದೆ, ಏನೂ ಅನ್ನಲಿಲ್ಲ. ನಾನು ಕೆಲಸಕ್ಕೆ ಹೊರಟಾಗ "ಊಟ ಆತೇನ್ರೀ" ಎಂದು ಕೇಳಿ, ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದಳು. ಆಪರೇಷನ್ ಆದವರಿಗೆ ಮನಸ್ಸು ಕುಗ್ಗುವುದುಂಟು, ಹಸಿವಿನ ಜೊತೆ ಹುಮ್ಮಸ್ಸೂ ಹೋಗುತ್ತದೆ, ಕಾಲಕ್ರಮೇಣ ಸರಿಹೋಗುತ್ತದೆ ಎಂದು ಬಲ್ಲವರು ಹೇಳಿದರು. ನನಗಿದ್ದ ಭಯ ಒಂದೇ. ಅವಳ ಮೈಯಿಂದ ಇಳಿಯಬೇಕಾದ್ದೆಲ್ಲ ಇಳಿದು ಮುಗಿದು, ಈಗ ಅವಳೇ ಇಳಿಯುತ್ತಿದ್ದಾಳೆ. ನಾನು ನೋಡುತ್ತಿರುವಂತೆಯೇ ಇಲ್ಲವಾಗುತ್ತಿದ್ದಾಳೆ. ಶ್ರಾವಣದ ಮೊದಲ ವಾರ ಆಸ್ಪತ್ರೆಗೆ ಹೋಗೋಣವೆಂದೆ. "ಹಬ್ಬ ಮುಗೀಲಿ" ಎಂದಳು. ಯಾವ ಹಬ್ಬ ಎಂದು ಕೇಳಿದರೆ ನನ್ನ ಮುಖವನ್ನೇ ನೋಡಿದಳು.

ಇನ್ನು ಆ ಮಂಗಳವಾರ.

ನಮ್ಮ ಕೆಳಗಿನ ಮನೆಯಲ್ಲಿ ಮನೆಯ ಒಡತಿ ಪುಟ್ಟತಾಯಮ್ಮ ಇದ್ದಾರೆ. ಮಾಗಡಿ ಸೀಮೆಯವರು, ನೀಲಾಗಿಂತ ಹಿರಿಯರು. ಅಂದು ಅವರು ಮೊಸರಿಗೆ ಹೆಪ್ಪು ಕೇಳಲು ಲೋಟ ಹಿಡಿದು ಮೇಲೆ ಬಂದರು. ಮಂಗಳವಾರ, ಶುಕ್ರವಾರ ಮನೆಯಿಂದ ಹೆಪ್ಪು, ಉಪ್ಪು ಹೊರಗೆ ಕೊಡಬಾರದೆಂಬುದು ನಮ್ಮೆಲ್ಲರ ಮನೆಗಳ ಕಟ್ಟು. ಮತ್ತು ಯಾವ ದಿನ ಯಾವ ವಾರ ಎಂಬುದಕ್ಕೆ ಈ ಓಣಿಯಲ್ಲಿ ಕ್ಯಾಲೆಂಡರ್ ನೋಡುವವರಿಲ್ಲ, ನೀಲಾಳನ್ನು ಕೇಳುತ್ತಾರೆ.

"ನೀಲಮ್ಮಾ, ವಸಿ ಎಪ್ಪು ಇದ್ರೆ ಕೊಡವ್ವ. ಅಂದಂಗೆ ಇವತ್ತು ಯಾವ್ ವಾರ? ಮಂಗ್ಳಾರ ಆದ್ರೆ ಬ್ಯಾಡ, ನಾಳೀಕೆ ಬತ್ತೀನಿ."

ನೀಲಾ ಒಲೆಯ ಮುಂದೆ ನಿಂತಿದ್ದಳು. ಉತ್ತರಿಸಲಿಲ್ಲ. ನಾನು ಬಾಗಿಲಿಂದ ಅವಳ ಮುಖದ ಎಡಭಾಗವನ್ನು ಕಾಣುತ್ತಿದ್ದೆ. ತುಟಿ ಸ್ವಲ್ಪ ತೆರೆದಿತ್ತು. ಇಂದು ಸೋಮವಾರ ಎಂಬುದನ್ನು ಒಪ್ಪತ್ತಿನ ಹಸಿವಿನಿಂದಲೇ ಹೇಳಬಲ್ಲ ಹೆಂಗಸು, ಹುಣ್ಣಿಮೆ ಅಮಾವಾಸ್ಯೆಗಳನ್ನು ಬೆರಳ ಗೆಣ್ಣಿನಲ್ಲಿಟ್ಟುಕೊಂಡವಳು, ವಾರ ಯಾವುದೆಂದು ತಿಳಿಯದೆ ನಿಂತಿದ್ದಳು. ನನ್ನ ಕೈಯ ಲೋಟ ತಣ್ಣಗಾದದ್ದು ನನಗೆ ನೆನಪಿದೆ.

"ತಡೀರಿ" ಎಂದಳು ಕೊನೆಗೆ. ಶೆಲ್ಫಿನಿಂದ ಒಗ್ಗರಣೆ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಬೆರಳಿನಿಂದ ಬಟ್ಟಲುಗಳನ್ನು ಮುಟ್ಟುತ್ತ ಹೋದಳು. "ಭಾನುವಾರದ್ದು ಖಾಲಿ. ಸೋಮವಾರದ್ದೂ ಖಾಲಿ. ಮಂಗಳವಾರದ್ದು ಇನ್ನೂ ಐತಿ. ಅಂದ್ರ ಇವತ್ತ ಮಂಗಳವಾರ ಇರಬೇಕು... ಇಲ್ಲಾ ನಾ ನುಂಗೂದು ಮರ್ತೀನೋ?"

"ಅಯ್ಯೋ ಬುಡವ್ವ, ಎಪ್ಪಿಗೆ ಇಷ್ಟೊಂದು ಲೆಕ್ಕವೇ" ಎಂದರು ಪುಟ್ಟತಾಯಮ್ಮ. ಆಮೇಲೆ ಡಬ್ಬಿಯೊಳಗೆ ಬಗ್ಗಿ ನೋಡಿ, "ಅದೇನವ್ವ ಕೆಂಪುಗೆ, ನೇರಳೆಣ್ಣಿನ್ ಗಾತ್ರ?" ಎಂದರು.

"ಅದು ಎಲುವಿಗೆ. ಬಾಳ ಛಲೋ ಗುಳಿಗಿ ಅಂತ. ಡಾಕ್ಟರು ವಾರಕ್ಕೊಂದು ಅಂದಾರ." ನೀಲಾ ಒಂದೊಂದೇ ಬಟ್ಟಲನ್ನು ತೋರಿಸಿದಳು. "ಇದು ಮಂಗಳವಾರದ್ದು. ಇದು ಬುಧವಾರದ್ದು. ಇದು ಬೇಸ್ತವಾರದ್ದು. ಒಂದ ವಾರಾನೂ ತಪ್ಪಿಸಿಲ್ರೀ ನಾ."

ನಾನು ಹೊಸ್ತಿಲು ದಾಟಿದೆ. ಉಳಿದ ಪ್ರತಿಯೊಂದು ಬಟ್ಟಲಿನಲ್ಲೂ ಬಿಳಿ, ಹಳದಿ, ಕಂದು ಗುಳಿಗೆಗಳ ನಡುವೆ ಒಂದೊಂದು ಕೆಂಪು ಗುಳಿಗೆ ಇತ್ತು.

ವಾರ ಎಂದರೆ ಡಾಕ್ಟರಿಗೆ ಏಳು ದಿನಗಳ ಒಂದು ಕಂತೆ. ನೀಲಾಗೆ ಅಂಥ ಕಂತೆಯೊಂದು ಲೋಕದಲ್ಲಿ ಇರಲೇ ಇಲ್ಲ. ಅವಳಿಗೆ ವಾರವೆಂದರೆ ಸೋಮವಾರ, ಆಮೇಲೆ ಮಂಗಳವಾರ ಎಂಬ ಇನ್ನೊಂದು ವಾರ, ಆಮೇಲೆ ಬುಧವಾರ ಎಂಬ ಮತ್ತೊಂದು. ಒಂದೊಂದಕ್ಕೂ ಅದರದೇ ದೇವರು, ಅದರದೇ ಕಟ್ಟು. ಸೋಮವಾರ ಒಪ್ಪತ್ತು, ಮಂಗಳವಾರ ಕೊಡುವುದಿಲ್ಲ, ಶುಕ್ರವಾರ ಹೊಸ್ತಿಲು ತೊಳೆಯುವುದು. ಅವರು ವಾರಕ್ಕೊಂದು ಎಂದರು. ಅವಳು ವಾರಕ್ಕೊಂದು ನುಂಗಿದಳು. ಯುಗಾದಿಯಿಂದ ಶ್ರಾವಣದವರೆಗೆ, ಏಳು ದಿನಕ್ಕೆ ಒಂದಾಗಬೇಕಿದ್ದದ್ದು ದಿನಕ್ಕೊಂದಾಗಿ ಅವಳ ಮೈ ಸೇರಿತ್ತು; ಔಷಧಿ ಅಂಗಡಿಯವರೂ ಚೀಟಿ ನೋಡಿ ಕೇಳಿದಷ್ಟು ಕೊಡುತ್ತ ಬಂದಿದ್ದರು. ಆ ಡಾಕ್ಟರು ಅಷ್ಟು ಪ್ರೀತಿಯಿಂದ ಕೇಳಿದ ಪ್ರಶ್ನೆಗೂ ಇವಳು ಅಷ್ಟು ಪ್ರಾಮಾಣಿಕವಾಗಿ ಕೊಟ್ಟ ಉತ್ತರಕ್ಕೂ ನಡುವೆ ಒಂದು ಕೂದಲೆಳೆಯ ಸಂದೂ ಇರಲಿಲ್ಲ. ಎರಡೂ ಒಂದೇ ಪದ. ನಾನು ಎದುರಿಗೇ ಕೂತು ಕೇಳಿಸಿಕೊಂಡಿದ್ದೆ. ಅದೇ ಪದವನ್ನು ಎರಡೂ ಅರ್ಥದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನೂ ಬಳಸುತ್ತೇನೆ.

"ನೀಲಾ, ಸೀರಿ ಉಟ್ಟುಕೋ. ಹೋಗೂಣು" ಎಂದೆ.

"ಎಲ್ಲಿಗ್ರೀ? ರೊಟ್ಟಿ ಆಗಿಲ್ಲ."

"ಏನಾಯ್ತು ಸಾಮಿ?" ಎಂದರು ಪುಟ್ಟತಾಯಮ್ಮ. "ಈ ಕೆಂಪುದು ಹೆಚ್ಚಾಗಿದೆ" ಎಂದಷ್ಟೇ ಹೇಳಿದೆ. ಅವರು ಮರುಮಾತಿಲ್ಲದೆ ಒಲೆ ಆರಿಸಿ, ನೀಲಾಳ ತಲೆಗೂದಲನ್ನು ಕೈಯಿಂದಲೇ ಹಿಂದಕ್ಕೆ ಸರಿಸಿ ಗಂಟು ಹಾಕಿ, ಕೆಳಗೆ ಹೋಗಿ ಆಟೋ ನಿಲ್ಲಿಸಿದರು. ತಾವೂ ಹತ್ತಿ ಕೂತರು. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ನೋಡುತ್ತೇನೆ, ಹೆಪ್ಪಿಗೆ ತಂದ ಲೋಟ ಇನ್ನೂ ಅವರ ಕೈಯಲ್ಲೇ ಇತ್ತು. ಒಗ್ಗರಣೆ ಡಬ್ಬಿ ನನ್ನ ತೊಡೆಯ ಮೇಲಿತ್ತು. ನಡುವೆ ನೀಲಾ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಭುಜಕ್ಕೆ ತಲೆ ಇಟ್ಟಳು. ನಡುಬೀದಿಯಲ್ಲಿ, ಪರರ ಎದುರಿನಲ್ಲಿ ಅವಳು ಹಾಗೆ ಮಾಡುವವಳಲ್ಲ. ಆ ದಾರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ.

ಡಾಕ್ಟರು ಡಬ್ಬಿ ನೋಡಿದರು. ಬಟ್ಟಲುಗಳನ್ನು ನೋಡಿದರು. ನೀಲಾ ಅವರಿಗೂ ಹೇಳಿದಳು, ಒಂದ ವಾರಾನೂ ತಪ್ಪಿಸಿಲ್ರೀ. ಆ ಹೆಣ್ಣುಮಗಳು ಕುರ್ಚಿಯ ಹಿಂಬದಿಗೆ ಒರಗಿ, ತಮ್ಮ ಎರಡೂ ಅಂಗೈಯನ್ನು ಮುಖದ ಮೇಲೆ ಇಟ್ಟುಕೊಂಡರು. ಆಮೇಲೆ ಎದ್ದರು, ಮತ್ತೆ ಕೂರಲಿಲ್ಲ. ರಕ್ತ ತೆಗೆಸಿದರು, ಮಲಗಿಸಿದರು, ಕೈಗೆ ಸಲೈನ್ ಹಾಕಿಸಿದರು. ನನ್ನನ್ನು ಹೊರಗೆ ಕರೆದು ಹೇಳಿದರು: ಆ ಗುಳಿಗೆ ಸುಣ್ಣದಂಶವನ್ನು ಹೊಟ್ಟೆಯಿಂದ ರಕ್ತಕ್ಕೆ ಎಳೆಯುತ್ತದೆ; ಅತಿಯಾದರೆ ರಕ್ತದಲ್ಲಿ ಸುಣ್ಣ ಏರಿ, ಬಾಯಾರಿಕೆ, ಓಕರಿಕೆ, ಮರೆವು, ಮಂಪರು ಎಲ್ಲವೂ ಬರುತ್ತವೆ; ಮೂತ್ರಪಿಂಡಕ್ಕೆ ಏಟು ಬಿದ್ದಿದೆಯೋ ಇಲ್ಲವೋ ಸಂಜೆ ತಿಳಿಯುತ್ತದೆ; ಬಿದ್ದಿದ್ದರೆ ಎಷ್ಟು ಸುಧಾರಿಸುತ್ತದೆ ಎಂದು ಈಗಲೇ ಹೇಳಲಾರೆ.

"ಮನಸ್ಸು?" ಎಂದು ಕೇಳಿದೆ. "ಮಾತು?"

"ಸುಣ್ಣ ಇಳಿದ್ರೆ ಅದು ಬರ್ಬೇಕು ಸಾರ್. ಕಾಯೋಣ."

ನಾವು ಕಾದೆವು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ನಾನು ಮತ್ತು ಪುಟ್ಟತಾಯಮ್ಮ. ಅಳೆಯುವುದನ್ನೇ ಉಸಿರಾಗಿಸಿಕೊಂಡವನಿಗೆ ಅಳತೆ ಬೇರೆಯವರ ಕೈಯಲ್ಲಿರುವಾಗ ಕಾಯುವುದು ಹೇಗಿರುತ್ತದೆ ಎಂದು ನಾನು ಮೊದಲ ಬಾರಿ ತಿಳಿದೆ. ಪುಟ್ಟತಾಯಮ್ಮ ಒಂದೇ ಮಾತಾಡಿದರು. "ನಾನು ಎಪ್ಪು ಕೇಳಕ್ಕೆ ನಾಳೀಕೆ ಬಂದಿದ್ರೆ?" ಎಂದರು. ಬುಧವಾರವಾಗಿದ್ದರೆ, ಮಂಗಳವಾರ ಕಳೆಯಿತೆಂಬ ಧೈರ್ಯದಲ್ಲಿ ಅವರು ವಾರ ಕೇಳುತ್ತಿರಲಿಲ್ಲ, ಹೆಪ್ಪು ಇಸಿದುಕೊಂಡು ಹೋಗುತ್ತಿದ್ದರು.

ಮೂತ್ರಪಿಂಡಕ್ಕೆ ಏಟು ಬಿದ್ದಿತ್ತು, ಆದರೆ ಸುಧಾರಿಸಿಕೊಳ್ಳುವಷ್ಟು. ಸುಣ್ಣ ಇಳಿಯಲು ದಿನಗಳು ಬೇಕಾದವು. ಆ ಜೀವಸತ್ವ ಮೈಯ ಕೊಬ್ಬಿನಲ್ಲಿ ಅಡಗಿ ಕೂತು ನಿಧಾನವಾಗಿ ಹೊರಬರುತ್ತದಂತೆ. ಕೊಬ್ಬನ್ನು ಕರಗಿಸಲೆಂದು ಹೊರಟ ನಮಗೆ, ಕರಗುವ ಕೊಬ್ಬೇ ವಿಷವನ್ನು ಚೂರುಚೂರಾಗಿ ಹಿಂದಿರುಗಿಸುತ್ತಿತ್ತು. ಮೊದಲೆರಡು ದಿನ ಅವಳು ಹೆಚ್ಚಾಗಿ ಮಂಪರಿನಲ್ಲಿದ್ದಳು. ನಾನು ಹಾಜರಿ ಹಾಕುವವನಂತೆ ಮಂಚದ ಪಕ್ಕ ಕೂತಿರುತ್ತಿದ್ದೆ. ಓಣಿಯ ಹುಡುಗರು ಸರದಿಯ ಮೇಲೆ ಬಂದು ಹೋದರು. ಈರಣ್ಣ ತನ್ನ ಕೋಣೆಯಲ್ಲಿ ತಾನೇ ಬಡಿದ ರೊಟ್ಟಿಯನ್ನು ನನಗೆಂದು ತಂದ. ಅದು ಕಾರ್ಖಾನೆಯಲ್ಲಿ ನಾನು ಕಂಡ ಎಷ್ಟೋ ಲೋಹದ ತಟ್ಟೆಗಳಿಗಿಂತ ಗಟ್ಟಿಯಾಗಿತ್ತು.

ನೀಲಾ ಕಣ್ಣು ತೆರೆದು ಸರಿಯಾಗಿ ನೋಡಿದ ಬೆಳಿಗ್ಗೆ ಅದು ಹೆಂಚಿನ ಹಾಗೆ ಮೇಜಿನ ಮೇಲಿತ್ತು. ಅವಳು ರೊಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಯಾರ ಬಡದದ್ದು ಇದು?"

"ಈರಣ್ಣ."

"ರೊಟ್ಟಿನ ಬಡದಾನೋ, ರೊಟ್ಟಿ ಅವನ್ನ ಬಡದೈತೋ?" ಎಂದಳು. ಆಮೇಲೆ ನನ್ನ ಕಡೆ ಮೂಗು ಅರಳಿಸಿ, "ನೀವೇನು ಅಂಗಿ ಬದಲಿಸೇ ಇಲ್ಲೇನು? ಹಳೇ ಗೋಣಿಚೀಲದಂಗ ವಾಸನಿ ಹೊಡೀತೀರಿ. ಗೋಣಿಚೀಲಕ್ಕರ ಒಳಗ ಜೋಳ ಇರ್ತಾವ" ಎಂದಳು.

ನಾನು ವರಾಂಡಕ್ಕೆ ಹೋಗಿ ನಿಂತೆ. ಅತ್ತೆನೆಂದು ಪುಟ್ಟತಾಯಮ್ಮ ಎಲ್ಲರಿಗೂ ಹೇಳುತ್ತಾರೆ. ಅದು ಇರಬಹುದು, ನನ್ನ ಮುಖ ನನಗೆ ಕಾಣುವಂಥ ಜಾಗದಲ್ಲಿ ನಾನು ನಿಂತಿರಲಿಲ್ಲ.

ಡಾಕ್ಟರು ರೌಂಡ್ಸಿಗೆ ಬಂದಾಗ ಅವಳ ಪಕ್ಕ ಕೂತು, ತಪ್ಪು ಯಾರದೂ ಅಲ್ಲ ಎಂಬ ದನಿಯಲ್ಲಿ ಹೇಳಿದರು. "ನೀಲಮ್ಮ, ವಾರಕ್ಕೊಂದು ಅಂದ್ರೆ ಏಳು ದಿನಕ್ಕೆ ಒಂದು."

"ಅದ್ಹೆಂಗ್ರೀ ಮೇಡಂ? ಹಿಂದಿನ ಕಾಲದಾಗ ಬಡ ಹುಡುಗ್ರು ವಾರಾನ್ನ ಉಂಡು ಸಾಲಿ ಕಲೀತಿದ್ರಂತ. ಸೋಮವಾರ ಒಬ್ಬರ ಮನಿ, ಮಂಗಳವಾರ ಒಬ್ಬರ ಮನಿ. ವಾರಕ್ಕೊಂದು ಮನಿ. ಅವರೇನು ಏಳ ದಿನಕ್ಕೊಮ್ಮೆ ಉಣ್ತಿದ್ರೇನು?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಒಂದೂ ಅದೇ, ಏಳೂ ಅದೇ ಎನ್ನುವ ಅಳತೆಗೋಲೊಂದು ಕಾರ್ಖಾನೆಯಲ್ಲಿ ಸಿಕ್ಕಿದ್ದರೆ ನಾನು ಅದನ್ನು ಆ ಕ್ಷಣ ಮುರಿದು ಗುಜರಿಗೆ ಹಾಕಿಸುತ್ತಿದ್ದೆ. ಆದರೆ ಅದೇ ಕೋಲಿನಿಂದ ನನ್ನ ಜನ ತಲೆತಲಾಂತರದಿಂದ ತಮ್ಮ ದಿನಗಳನ್ನು ಅಳೆದು ಬದುಕಿದ್ದಾರೆ, ಯಾರಿಗೂ ಗೊಂದಲವಾಗಿಲ್ಲ. ಹೆಪ್ಪು ಕೇಳುವವರೂ ಕೊಡುವವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಯಾವ ಅರ್ಥವೆಂದು ತಿಳಿದುಕೊಂಡಿದ್ದಾರೆ. ಪದಗಳಿಗೆ ಅರ್ಥ ಇರುವುದು ನಿಘಂಟಿನಲ್ಲಿ ಅಲ್ಲ, ಅವುಗಳನ್ನು ಆಡುವವರ ದಿನಚರಿಯಲ್ಲಿ. ಒಬ್ಬಳು ತನ್ನ ವಾರಗಳನ್ನು ಹೇಗೆ ಕಳೆಯುತ್ತಾಳೆ ಎಂದು ತಿಳಿಯದೆ ಅವಳಿಗೆ ವಾರಕ್ಕೊಂದು ಎಂದು ಹೇಳುವಂತಿಲ್ಲ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ನಾನು ಅದನ್ನು ಒಂದು ಒಗ್ಗರಣೆ ಡಬ್ಬಿಯಿಂದ ಕಲಿಯಬೇಕಾಯಿತು.

ಡಾಕ್ಟರು ಈಗ ಎಲ್ಲ ರೋಗಿಗಳಿಗೂ, "ಭಾನುವಾರ ಮಾತ್ರ, ಉಳಿದ ವಾರ ಬೇಡ" ಎನ್ನುತ್ತಾರಂತೆ. ನೀಲಾಗೆ ಕೆಂಪು ಗುಳಿಗೆ ಸಂಪೂರ್ಣ ನಿಂತಿದೆ. ಉಳಿದ ಗುಳಿಗೆಗಳನ್ನು ಭಾನುವಾರ ನಾವಿಬ್ಬರೂ ಕೂತು ತುಂಬುತ್ತೇವೆ. ಅವಳು ಹಾಕುತ್ತಾಳೆ, ನಾನು ತಪಾಸಣೆ ಮಾಡುತ್ತೇನೆ, ನನ್ನ ತಪಾಸಣೆಯನ್ನು ಅವಳು ಮತ್ತೆ ತಪಾಸಣೆ ಮಾಡುತ್ತಾಳೆ. ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇವೆ. ಅಂಕಿ ನೆಟ್ಟಗಿದೆ ಎಂದು ಡಾಕ್ಟರು ಹೇಳುವವರೆಗೆ ನಾನು ಕುರ್ಚಿಯಲ್ಲಿ ಒರಗಿ ಕೂರುವುದಿಲ್ಲ.

ಇದನ್ನೆಲ್ಲ ಬರೆದಿಡಲು ಕಾರಣ ನೀಲಾ. ಆಸ್ಪತ್ರೆಗೆ ಹೋಗುವ ಮುಂಚಿನ ದಿನಗಳು ಅವಳ ನೆನಪಿನಲ್ಲಿ ಇಲ್ಲ. ಆ ಮಂಗಳವಾರವಂತೂ ಪೂರ್ತಿಯಾಗಿ ಅಳಿಸಿಹೋಗಿದೆ. ಆಗಾಗ ಕೇಳುತ್ತಾಳೆ: "ಅವತ್ತ ನಾ ಏನಂದೆ? ನೀವೇನಂದ್ರಿ?" ನಾನು ಹೇಳುತ್ತೇನೆ. ಹೇಳುವಾಗಲೆಲ್ಲ ಒಂದು ಚೂರು ಹೆಚ್ಚು ಕಡಿಮೆ ಆಗುತ್ತದೆಯೇನೋ ಎಂದು ಭಯವಾಗುತ್ತದೆ. ಹಾಗಾಗದಿರಲೆಂದು ಕಂಡದ್ದನ್ನು ಕಂಡಂತೆ ಇಲ್ಲಿ ಇಟ್ಟಿದ್ದೇನೆ. ಯಾರಿಗಾದರೂ ಸಂಶಯವಿದ್ದರೆ ಆ ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಹೊರತು ಇನ್ನಿಬ್ಬರಿದ್ದರು. ಒಬ್ಬರು ಪುಟ್ಟತಾಯಮ್ಮ; ಕೆಳಗಿನ ಮನೆಯಲ್ಲೇ ಇದ್ದಾರೆ, ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿದೆ. ಇನ್ನೊಬ್ಬಳು ನೀಲಾ. ಅವಳಿಗೆ ಏನೂ ನೆನಪಿಲ್ಲದಿದ್ದರೂ ಸಾಕ್ಷಿಗಳ ಜೊತೆ ಅವಳ ಹೆಸರನ್ನೂ ಬರೆಯುತ್ತೇನೆ. ಅವಳೂ ಅಲ್ಲಿದ್ದಳು. ಈಗಲೂ ಇದ್ದಾಳೆ.